ಅಕ್ಕನ ಶ್ರುತಿ ಇದ್ದ ಡಬ್ಬಿ

ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಯಾರ ಹಲ್ಲನ್ನೂ ಮುಟ್ಟುವುದಿಲ್ಲ. ಅವತ್ತು ಕ್ಲಿನಿಕ್ಕಿನ ಬಾಗಿಲು ತೆರೆಯುವುದು ಅಕ್ಕನಿಗಾಗಿ. ಅಕ್ಕ ಎಂದರೆ ಡಾಕ್ಟರ ಒಡಹುಟ್ಟಿದವಳಲ್ಲ. ಒಂದು ಕಾಲದಲ್ಲಿ ಮನೆಮನೆಯ ರೇಡಿಯೊದಲ್ಲಿ ಹಾಡಿ, ಮೂವತ್ತು ವರ್ಷದ ಹಿಂದೆಯೇ ತೀರಿಕೊಂಡ ಗಾಯಕಿ. ಆಕೆಯ ಅಭಿಮಾನಿಗಳು ಆಕೆಯನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಹತ್ತು ಹನ್ನೆರಡು ಜನ, ರೋಗಿಗಳು ಕಾಯುವ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು, ಇದ್ದ ಇಪ್ಪತ್ತಮೂರು ಹಾಡುಗಳನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ತಡವಾಗಿ ಬಂದವರಿಗೆ ಹಲ್ಲು ಕೀಳುವ ಕುರ್ಚಿಯೇ ಗತಿ. ಅದರಲ್ಲಿ ಒರಗಿ ಹಾಡು ಕೇಳುವಾಗ ಎಂಥ ಗಟ್ಟಿ ಮನುಷ್ಯನೂ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೇ ಇರುತ್ತಿದ್ದ.

ಪೆಟ್ಟಿಗೆ ಮಾಮ ಮಾತ್ರ ಒಂಬತ್ತೂವರೆಗೇ ಬಂದು ರೆಕಾರ್ಡು ಮೆಷಿನ್ನಿನ ಪಕ್ಕದ ಸ್ಟೂಲು ಹಿಡಿಯುತ್ತಿದ್ದ. ಎಪ್ಪತ್ತೈದು ದಾಟಿದ ಮನುಷ್ಯ. ಹಾರ್ಮೋನಿಯಂ ರಿಪೇರಿ ಅವನ ಕಸುಬು. ಹಾರ್ಮೋನಿಯಮ್ಮನ್ನು ಅವನು ಪೆಟ್ಟಿಗೆ ಅನ್ನುತ್ತಿದ್ದ, ಊರು ಅವನನ್ನೇ ಪೆಟ್ಟಿಗೆ ಮಾಮ ಅನ್ನುತ್ತಿತ್ತು. ಆ ಗುಂಪಿನಲ್ಲಿ ಅಕ್ಕನನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಹಾಗೆ ನೋಡಿದರೆ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿತ್ತು. ಆದರೆ ಅವನು ಬಾಯಿ ತೆರೆದರೆ ಸಾಕು, ಜನ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಏಕೆಂದರೆ ಅವನದು ಒಂದೇ ರಾಗ. "ಇದು ಅಕ್ಕನ ದನಿ ಅಲ್ಲ."

"ಮತ್ತೆ ಇನ್ಯಾರದು, ನಂದಾ?" ಎಂದು ಹೆಡ್ ಮೇಡಂ ಎಗರಿ ಬೀಳುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್ ಮೇಡಂ ಆಗಿ ನಿವೃತ್ತರಾದವರು. ನಿವೃತ್ತಿಯಾಗಿದ್ದು ಶಾಲೆಗೆ ಮಾತ್ರ, ಬಾಯಿಗಲ್ಲ.

"ಹಾಡಿದ್ದು ಅಕ್ಕನೇ. ಆದ್ರೆ ಕಂಪನಿಯವ್ರು ರೆಕಾರ್ಡು ಮಾಡೋವಾಗ್ಲೇ ಹಾಡು ಬೇಗ ಓಡೋ ಹಾಗೆ ಮಾಡಿದ್ರು. ಎಳೇ ಹುಡುಗಿ ದನಿ ಆದ್ರೆ ಜನ ಮೆಚ್ಕೋತಾರೆ ಅಂತ ಕಂಪನಿ ಸಾಹುಕಾರಂಗೆ ಹುಚ್ಚು. ಅಕ್ಕನ ನಿಜವಾದ ದನಿ ಇಷ್ಟು ಸಣ್ಣ ಅಲ್ಲ. ಇನ್ನೂ ಕೆಳಗೆ, ತುಂಬಿಕೊಂಡು..."

"ಸಾಕ್ಷಿ ಏನಿದೆ? ಕೇಳಿದ್ದಕ್ಕೆ ಉತ್ತರ ಹೇಳ್ಬೇಕು."

ಮಾಮ ಜೇಬಿನಿಂದ ಒಂದು ಸಣ್ಣ ತಗಡಿನ ಡಬ್ಬಿ ತೆಗೆಯುತ್ತಿದ್ದ. ಒಳಗೆ ಹತ್ತಿಯ ಮೇಲೆ, ಕಿರುಬೆರಳಿನಷ್ಟುದ್ದದ ಒಂದು ಹಿತ್ತಾಳೆ ರೀಡು. ಹಾರ್ಮೋನಿಯಂ ಒಳಗೆ ಕೂತು, ಗಾಳಿ ಬಿದ್ದಾಗ ಸ್ವರ ಹೊರಡಿಸುವ ತಗಡು ಅದು. ಅದನ್ನು ತುಟಿಗಿಟ್ಟು ಊದಿದರೆ ಒಂದು ತಗ್ಗಿನ ಸ್ವರ ಹೊರಡುತ್ತಿತ್ತು. "ಇದೇ ಅಕ್ಕನ ಶ್ರುತಿ," ಅನ್ನುತ್ತಿದ್ದ.

"ಪೀಪಿ ಊದಿದ್ರೆ ಅಕ್ಕ ಆಗ್ಬಿಡ್ತಾರಾ?" ಅನ್ನುತ್ತಿದ್ದರು ಮೇಡಂ. ಬೆಂಚು ಗೊಳ್ಳನೆ ನಗುತ್ತಿತ್ತು. ಮಾಮ ಡಬ್ಬಿ ಮುಚ್ಚಿ ಜೇಬಿಗಿಳಿಸುತ್ತಿದ್ದ. ಹನ್ನೊಂದು ವರ್ಷದಿಂದ ಇದೇ ನಡೆದುಕೊಂಡು ಬಂದಿತ್ತು.

ನಗುವವರಿಗೇನು, ನಗುತ್ತಾರೆ. ಆ ರೀಡಿನ ಹಿಂದೆ ಏನಿತ್ತು ಎನ್ನುವುದು ಮಾಮನಿಗೆ ಮಾತ್ರ ಗೊತ್ತಿತ್ತು.

ಆಗ ಅವನಿಗೆ ಇಪ್ಪತ್ತು. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಪೆಟ್ಟಿಗೆಗಳ ಶ್ರುತಿ ನೋಡಿಕೊಳ್ಳುವ ಕೆಲಸ. ಒಂದು ಮಧ್ಯಾಹ್ನ ಅಕ್ಕ ಬಂದರು, ಜೊತೆಗೆ ಮೇಳವಿಲ್ಲ, ಪಿಟೀಲಿಲ್ಲ. "ಇವತ್ತು ಒಂದು ಹಾಡು ನನಗೋಸ್ಕರ ಹಾಡ್ತೀನಿ. ಪೆಟ್ಟಿಗೆ ಒಂದೇ ಸಾಕು," ಎಂದರು. ಪೆಟ್ಟಿಗೆಯ ಸ್ವರ ಅವರಿಗೆ ಕೂಡಿ ಬರಲಿಲ್ಲ, ಕೂದಲೆಳೆಯಷ್ಟು ಮೇಲಿತ್ತು. ಅವನು ರೀಡು ಬಿಚ್ಚಿ, ಅವರೆದುರಿಗೇ ಕೂತು ಕೆರೆದ. ರೀಡನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಅವನು ಬುಡದಲ್ಲಿ ಕೆರೆದ, ಊದಿದ, ಮತ್ತೆ ಕೆರೆದ. ಅಕ್ಕ ಕಣ್ಣು ಮುಚ್ಚಿ ಜೊತೆಯಲ್ಲಿ ಗುನುಗುತ್ತಿದ್ದರು. ಒಂದು ಸಲ ಊದಿದಾಗ ರೀಡಿನ ಸ್ವರವೂ ಅವರ ದನಿಯೂ ಒಂದರೊಳಗೊಂದು ಹೊಕ್ಕು ಕಾಣೆಯಾದವು. ಅಕ್ಕ ಕಣ್ಣು ತೆರೆದು, "ಇದು ನಾನು," ಎಂದರು.

ಆಮೇಲೆ ಅಂದಿದ್ದರು: "ನೋಡೋ, ಇವ್ರು ನನ್ನ ದನೀನ ಯಾವತ್ತೂ ಇದ್ದ ಹಾಗೆ ಕಳಿಸಿಲ್ಲ. ನೀನು ಕಿವಿಗೊಟ್ಟು ಕೇಳು. ಹೇಗಿತ್ತು ಅಂತ ನನಗೆ ನೀನೇ ಹೇಳ್ಬೇಕು."

ಹಾಡು ಮುಗಿಯಿತು. ಪೆಟ್ಟಿಗೆ ನುಡಿಸುತ್ತಿದ್ದ ಅವನ ಕಡೆ ತಿರುಗಿ ಅಕ್ಕ ಏನೋ ಕೇಳಿದರು. ರೆಕಾರ್ಡಿಂಗಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಗಾಜಿನ ಆಚೆಯಿಂದ ರೆಕಾರ್ಡಿಂಗಿನವನು ತುಟಿಗೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದ. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗ. ಬಾಯಿಗೆ ಬೀಗ ಬಿತ್ತು. ಅಕ್ಕ ಒಂದು ಗಳಿಗೆ ಕಾದರು. ಆಮೇಲೆ ಚೀಲ ತೆಗೆದುಕೊಂಡು ಹೊರಟರು. ದೀಪ ಆರಿದ ಮೇಲೆ ಅವನು ಬಾಗಿಲವರೆಗೆ ಓಡಿದ, ರಸ್ತೆಯವರೆಗೂ ಓಡಿದ. ಅವರು ಹೋಗಿಯಾಗಿತ್ತು. ಮೊದಲ ಪ್ರತಿ ಕೇಳಿದ ಅಕ್ಕ ಅದನ್ನು ಹೊರಗೆ ಬಿಡಬೇಡಿ ಎಂದರಂತೆ. ಮತ್ತೆ ಅವರು ಆ ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲ, ಎಲ್ಲಿಯೂ ಹಾಡಲಿಲ್ಲ. ಅವನು ಆ ರೀಡನ್ನು ಪೆಟ್ಟಿಗೆಯಿಂದ ಬಿಚ್ಚಿ ತನ್ನ ಬಳಿಯೇ ಇಟ್ಟುಕೊಂಡ.

ಕೇಳಿದ್ದಕ್ಕೆ ಒಂದು ಮಾತು ಹೇಳಲಾಗಲಿಲ್ಲವಲ್ಲ ಎಂಬ ಕೊರಗು ಐವತ್ತೈದು ವರ್ಷದಿಂದ ಮಾಮನನ್ನು ಒಳಗೊಳಗೇ ತಿನ್ನುತ್ತಿತ್ತು. ಅವರಿಗೆ ಹೇಳಲಾಗದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದ. ಈಚೆಗಂತೂ ಇನ್ನೊಂದು ಭಯ ಶುರುವಾಗಿತ್ತು. ಆ ದನಿಯನ್ನು ನೆನೆಸಿಕೊಳ್ಳಲು ಹೋದರೆ ಅದು ಮೊದಲಿನ ಹಾಗೆ ಥಟ್ಟನೆ ಬರುತ್ತಿರಲಿಲ್ಲ. ಬಂದರೂ ಅದು ಅಕ್ಕನದೋ, ತಾನೇ ಹೊಸೆದುಕೊಂಡದ್ದೋ ತಿಳಿಯುತ್ತಿರಲಿಲ್ಲ.

ಹಾಗಿರುವಾಗ ಡಾಕ್ಟರು ಒಂದು ಭಾನುವಾರ ದಿಂಬಿನ ಕವರಿನಲ್ಲಿ ಸುತ್ತಿದ್ದ ಒಂದು ರೆಕಾರ್ಡನ್ನು ಎಲ್ಲರ ಮುಂದೆ ತೆಗೆದರು. ದವಡೆ ಹಲ್ಲು ತೋರಿಸಿಕೊಳ್ಳಲು ಬಂದವಳೊಬ್ಬಳು ಗೋಡೆಯ ಮೇಲೆ ಅಕ್ಕನ ಫೋಟೋ ನೋಡಿ, ಮಾರನೆಯ ದಿನ ತಂದುಕೊಟ್ಟಳಂತೆ. ಅವಳ ತಾತ ಅದೇ ಸ್ಟುಡಿಯೋದಲ್ಲಿ ರೆಕಾರ್ಡಿಂಗಿನವನಾಗಿದ್ದ. ರೆಕಾರ್ಡಿನ ನಡುವಿನ ಬಿಳಿ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಅಕ್ಕನ ಹೆಸರು, ಕೆಳಗೆ "ಪೆಟ್ಟಿಗೆ ಮಾತ್ರ" ಎಂದಿತ್ತು.

ಮಾಮ ಬಗ್ಗಿ ಚೀಟಿ ಓದಿದ. "ಇದೇ," ಎಂದ. "ಇದೇ ಅದು. ಈಗ ಕೇಳಿ. ಈಗ ನೀವೇ ಕೇಳಿ." ಸ್ಟೂಲನ್ನು ಮೆಷಿನ್ನಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.

ಡಾಕ್ಟರು ಮುಳ್ಳು ಇಳಿಸಿದರು. ಚರಪರ ಸದ್ದು. ಅದರೊಳಗಿಂದ ಪೆಟ್ಟಿಗೆಯ ಎಳೆದ ಸ್ವರ. ಆಮೇಲೆ ಅಕ್ಕ.

ಸಣ್ಣ ದನಿ. ಅದೇ ಎಳೆಯ, ಚುರುಕಾದ, ಇಪ್ಪತ್ತಮೂರು ಹಾಡುಗಳಲ್ಲಿ ಇದ್ದದ್ದೇ. ದಾರಿ ಕಾಯುವವಳೊಬ್ಬಳ ಹಾಡು. ಅಕ್ಕ ಅದನ್ನು ಓಡೋಡಿ ಹಾಡಿದಂತೆ ಕೇಳಿಸಿತು. ಬೆಂಚಿನವರೆಲ್ಲ ತಲೆದೂಗಿದರು, ಅವರಲ್ಲಿದ್ದ ಬೇಕರಿ ಅಂಗಡಿಯವರೊಬ್ಬರು ಕಣ್ಣೊರೆಸಿಕೊಂಡರು. ಹಾಡು ಮುಗಿದದ್ದೇ ಡಾಕ್ಟರು ಎಂದಿನಂತೆ ಲಬಕ್ಕನೆ ಮುಳ್ಳೆತ್ತಿದರು. ಹಾಡಿನಾಚೆಯ ಖಾಲಿ ಗೆರೆಗಳಲ್ಲಿ ಮುಳ್ಳು ಓಡಿದರೆ ಸುಮ್ಮನೆ ಸವೆಯುತ್ತದೆಂದು ಅವರು ಒಂದು ಕ್ಷಣವೂ ಬಿಡುತ್ತಿರಲಿಲ್ಲ. ಹಳೆಯ ರೆಕಾರ್ಡನ್ನು ಹಲ್ಲಿಗಿಂತ ಜೋಪಾನ ಮಾಡುವ ಮನುಷ್ಯ.

ಚಪ್ಪಾಳೆಯೋ ಚಪ್ಪಾಳೆ. ಹೆಡ್ ಮೇಡಂ ಮಾಮನ ಕಡೆ ತಿರುಗಿದರು. "ಈಗೇನಂತೀರಿ? ಈಗಲಾದ್ರೂ ಒಪ್ಕೋತೀರಾ?"

"ಒಪ್ಕೊಂಡೆ," ಎಂದ ಮಾಮ.

ಇಷ್ಟು ಸಲೀಸಾಗಿ ಸೋಲುತ್ತಾನೆಂದು ಮೇಡಂ ಕೂಡ ಎಣಿಸಿರಲಿಲ್ಲ. ಅವರೇ ಸ್ವಲ್ಪ ಬೆಪ್ಪಾಗಿ, "ಅಲ್ಲ, ಬೇಜಾರು ಮಾಡ್ಕೋಬೇಡಿ," ಎಂದರು. ಮಾಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದಳು. ಬೇಡವೆಂದ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಊಟ ಬೇಡವೆಂದದ್ದು ಎರಡೇ ಸಲ.

"ಯಾಕ್ರೀ, ನಿಮ್ಮಕ್ಕ ಏನಂದ್ರು?"

"ಎಲ್ಲಾ ನನ್ನ ಭ್ರಮೆ ಕಣೇ. ಅಂಥ ದನಿ ಇರ್ಲೇ ಇಲ್ಲ. ಇಷ್ಟು ವರ್ಷ ಇಲ್ಲದ್ದನ್ನ ಹಿಡ್ಕೊಂಡು ಕೂತಿದ್ದೆ."

ಅವಳು ಸಾಮಾನ್ಯವಾಗಿ ಇಂಥ ಅವಕಾಶ ಬಿಡುವವಳಲ್ಲ. ಮದುವೆಯಾದ ಹೊಸತರಿಂದ ಆ ಹೆಂಗಸಿನ ದನಿಯ ವರ್ಣನೆ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಆದರೆ ಅವನ ಮುಖ ನೋಡಿ ಪಕ್ಕದಲ್ಲಿ ಕೂತಳು. "ಇಲ್ಲದ್ದನ್ನ ಯಾರಾದ್ರೂ ಇಷ್ಟು ವರ್ಷ ಹಿಡ್ಕೊಳ್ಳೋಕಾಗತ್ತೇನ್ರೀ?" ಎಂದಳು. ಮಾಮ ಡಬ್ಬಿಯನ್ನು ಜೇಬಿನಿಂದ ತೆಗೆದು ಕಪಾಟಿನ ಮೇಲಿಟ್ಟ.

ಸೋಮವಾರ ಕೆಲಸಕ್ಕೆ ಕೂತ. ಸಂಗೀತದ ಟೀಚರೊಬ್ಬರ ಪೆಟ್ಟಿಗೆ ಬಿಚ್ಚಿ, ರೀಡುಗಳನ್ನು ಬ್ರಷ್ಷಿನಿಂದ ಒರೆಸುತ್ತಿದ್ದ. ಬಾಯಿ ತನ್ನ ಪಾಡಿಗೆ ತಾನು ನಿನ್ನೆಯ ರೆಕಾರ್ಡಿನಲ್ಲಿದ್ದ ಪೆಟ್ಟಿಗೆಯ ಸ್ವರವನ್ನು ಗುನುಗುತ್ತಿತ್ತು. ಅವನ ಕಸುಬಿನವರ ಚಾಳಿಯೇ ಅದು. ಕೇಳಿದ ಹಾಡು ಮರೆತರೂ ಅದರ ಶ್ರುತಿ ಕಿವಿಯಲ್ಲಿ ಕೂತಿರುತ್ತದೆ. ಗುನುಗುತ್ತಲೇ ಎದುರಿನ ಪೆಟ್ಟಿಗೆಯಲ್ಲಿ ಆ ಸ್ವರವನ್ನು ಹುಡುಕಿದ. ಐದನೆಯ ಕಪ್ಪು ಕೀ. ಸರಿಯಾಗಿ ಕೂಡಿತು.

ಕೈಯಲ್ಲಿದ್ದ ಬ್ರಷ್ಷು ನಿಂತಿತು.

ಐದನೆಯ ಕಪ್ಪು ಹೇಗಾದೀತು? ಅವತ್ತು ತಾನು ಕೆರೆದ ರೀಡು ಐದನೆಯ ಬಿಳಿಯದು. ಬುಡದಲ್ಲಿ ಕೆರೆದು ಇನ್ನೂ ಇಳಿಸಿದ್ದು. ಹಾಡು ಶುರುವಾದದ್ದೇ ಅದನ್ನು ಎಳೆದು. ಅದು ರೆಕಾರ್ಡಿನಲ್ಲಿ ಮೂರು ಕೀ ಮೇಲಕ್ಕೆ ಹೋಗಿ ಕೂತದ್ದು ಹೇಗೆ? ಮುದುಕನ ನೆನಪು ದಾರಿ ತಪ್ಪಬಹುದು. ಹಿತ್ತಾಳೆ ರೀಡು ಡಬ್ಬಿಯೊಳಗೆ ಕೂತುಕೊಂಡು ಸುಳ್ಳು ಹೇಳುತ್ತದೆಯೇ? ರೆಕಾರ್ಡು ವೇಗವಾಗಿ ಓಡಿದರೆ ದನಿಯ ಜೊತೆಗೆ ಪೆಟ್ಟಿಗೆಯ ಸ್ವರವೂ ಏರುತ್ತದೆ.

ಕಪಾಟಿನ ಮೇಲಿದ್ದ ಡಬ್ಬಿ ಎತ್ತಿಕೊಂಡು, ರೀಡು ಊದಿದ. ಮತ್ತೆ ಕೀ ಒತ್ತಿದ. ಮತ್ತೆ ಊದಿದ.

"ಅಯ್ಯೋ ನನ್ನ ಬುದ್ಧಿಗಿಷ್ಟು! ಅಕ್ಕನ ದನಿ ಕೇಳ್ತಾ ಕೂತ್ಕೊಂಡು ಪೆಟ್ಟಿಗೆ ಕೇಳೋದೇ ಮರೆತೆನಲ್ಲೇ!" ಎಂದು ಕೂಗಿದ. ಅಡುಗೆಮನೆಯಿಂದ ಹೆಂಡತಿ ಬರುವಷ್ಟರಲ್ಲಿ ಮಾಮ ಬೀದಿಯಲ್ಲಿದ್ದ, ಬ್ರಷ್ಷು ಕೈಯಲ್ಲೇ ಇತ್ತು.

ಕ್ಲಿನಿಕ್ಕಿನಲ್ಲಿ ಸೋಮವಾರದ ಜಂಗುಳಿ. ಬೆಂಚಿನ ತುಂಬ ಕೆನ್ನೆ ಹಿಡಿದುಕೊಂಡ ಜನ. ಮಾಮ ಯಾರನ್ನೂ ಕೇಳದೆ ಪರದೆ ಸರಿಸಿ ಒಳಗೆ ನುಗ್ಗಿದ. ಕುರ್ಚಿಯಲ್ಲಿ ಒರಗಿದ್ದವರು ಬೇರೆ ಯಾರೂ ಅಲ್ಲ, ಹೆಡ್ ಮೇಡಂ. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಟ್ರೇಯಲ್ಲಿದ್ದವು. ಹೊಸ ಸೆಟ್ಟಿನ ಅಳತೆ ನೋಡುತ್ತಿದ್ದರು ಡಾಕ್ಟರು. ಮೇಡಂ ಮಾಮನನ್ನು ಕಂಡದ್ದೇ ಕರ್ಚೀಫು ಬಾಯಿಗೊತ್ತಿಕೊಂಡರು. ಮೂವತ್ತು ವರ್ಷ ಶಾಲೆಯನ್ನು ನಡುಗಿಸಿದ ಹೆಂಗಸು, ಹಲ್ಲಿಲ್ಲದ ಬಾಯನ್ನು ಪೆಟ್ಟಿಗೆ ಮಾಮನಿಗೆ ತೋರಿಸುವುದುಂಟೆ?

"ಡಾಕ್ಟ್ರೇ, ನಿನ್ನೆ ರೆಕಾರ್ಡು ಹಾಕಿ."

"ಈಗಲಾ? ಪೇಶೆಂಟ್ ಇದಾರೆ ಮಾಮ..."

"ಮೆಷಿನ್ನು ನಿಧಾನ ಮಾಡೋ ತಿರುಪು ಇದೆಯಲ್ಲ, ಅದನ್ನ ತಿರುಗಿಸಿ. ಪೆಟ್ಟಿಗೆ ಸ್ವರ ಈ ರೀಡಿಗೆ ಕೂಡೋ ತನಕ. ಪೆಟ್ಟಿಗೆ ನಂದು ಡಾಕ್ಟ್ರೇ. ಅಕ್ಕನ ದನಿ ಗೊತ್ತಿಲ್ಲ ಅನ್ನಿ, ಹುಚ್ಚು ಅನ್ನಿ. ನಾನು ಕೆರೆದ ರೀಡು ನನಗೆ ಗೊತ್ತಿಲ್ವಾ?"

ಡಾಕ್ಟರು ಮೇಡಂ ಮುಖ ನೋಡಿದರು. ಮೇಡಂ ಎರಡು ಕ್ಷಣ ಹುಬ್ಬು ಗಂಟಿಕ್ಕಿದರು. ಬಯ್ಯಬೇಕೆಂದರೆ ಕರ್ಚೀಫು ತೆಗೆಯಬೇಕು. ಆಗಲಿ ಎಂದು ತಲೆಯಾಡಿಸಿದರು.

ಮುಳ್ಳು ಇಳಿಯಿತು. ಪೆಟ್ಟಿಗೆಯ ಸ್ವರ ಹೊರಟ ಕೂಡಲೇ ಮಾಮ ರೀಡು ಊದತೊಡಗಿದ. ಎರಡಕ್ಕೂ ಎಣ್ಣೆ ಸೀಗೆಕಾಯಿ. ಡಾಕ್ಟರು ತಿರುಪು ತಿರುಗಿಸಿದರು. ರೆಕಾರ್ಡಿನ ಸ್ವರ ಮೆಲ್ಲಗೆ ಇಳಿಯಿತು. ಸ್ವರ ಮುಗಿದರೆ ಮುಳ್ಳನ್ನು ಮತ್ತೆ ಮೊದಲಿಗೆ ತಂದರು. ಇನ್ನಷ್ಟು ಇಳಿಯಿತು. ಎರಡು ಸ್ವರಗಳೂ ಹತ್ತಿರ ಬಂದಂತೆ ಒಂದಕ್ಕೊಂದು ತಗುಲಿ ವಂವ್ ವಂವ್ ಎಂದು ಅಲೆಯಾದವು. ಅಲೆ ನಿಧಾನವಾಯಿತು, ಅಗಲವಾಯಿತು. "ಇನ್ನೊಂದು ಚೂರು," ಎಂದು ಮಾಮ ಕೈಸನ್ನೆ ಮಾಡಿದ. ಅಲೆ ನಿಂತಿತು. ಊದುತ್ತಿದ್ದ ಮಾಮನಿಗೇ ತನ್ನ ರೀಡು ಯಾವುದು, ರೆಕಾರ್ಡು ಯಾವುದು ತಿಳಿಯಲಿಲ್ಲ.

"ಈಗ ಮೊದಲಿಂದ ಹಾಕಿ," ಎಂದ.

ಅಕ್ಕ ಹಾಡಿದರು.

ತಗ್ಗಿನ, ತುಂಬಿದ ದನಿ. ಎಳೆಯ ಹುಡುಗಿಯದಲ್ಲ, ಬದುಕನ್ನು ಅರ್ಧ ದಾಟಿದ ಹೆಂಗಸಿನದು. ನಿನ್ನೆ ಓಡಿಹೋಗಿದ್ದ ಹಾಡು ಇವತ್ತು ಹೊಸಿಲ ಮೇಲೆ ಕೂತು ಕಾಯುತ್ತಿತ್ತು. ಒಂದೊಂದು ಸಾಲಿನ ಕೊನೆಯಲ್ಲಿ ಅವರು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಮಾಮ ಗೋಡೆಗೊರಗಿದ. ಅವನೇನೂ ಹೊಸೆದುಕೊಂಡಿರಲಿಲ್ಲ. ನೆನಪಿನಲ್ಲಿ ಇದ್ದದ್ದಕ್ಕಿಂತ ಇದು ಹೆಚ್ಚೇ ಇತ್ತು. ಇಷ್ಟು ವರ್ಷ ತಾನು ಹಂಬಲಿಸಿದ್ದು ಇದರ ಅರ್ಧಕ್ಕೆ ಮಾತ್ರ ಎಂದು ಅವನಿಗೆ ಅಳು ಬಂತು. ಪರದೆಯ ಆಚೆ ಬೆಂಚಿನ ನರಳಾಟ ನಿಂತುಹೋಗಿತ್ತು.

ಹಾಡು ಮುಗಿಯಿತು. ಡಾಕ್ಟರ ಕೈ ಮುಳ್ಳಿನ ಕಡೆ ಹೋದದ್ದು ಅಲ್ಲೇ ತಡೆಯಿತು. ಅವರಿಗೆ ಎತ್ತಲು ಮನಸ್ಸಾಗಲಿಲ್ಲ. ಮುಳ್ಳು ಖಾಲಿ ಗೆರೆಗಳಿಗೆ ಇಳಿಯಿತು. ಚರಪರ, ಚರಪರ. ಆ ಸದ್ದಿನೊಳಗಿಂದ, ಪಕ್ಕದಲ್ಲೇ ಕೂತು ಮಾತಾಡಿದಂತೆ, ಅಕ್ಕ ಕೇಳಿದರು:

"ಹೇಗಿತ್ತೋ? ನನ್ನ ದನಿ ಹಾಗೇ ಬಂತಾ?"

ಆಮೇಲೆ ಏನೂ ಇಲ್ಲ. ಅಕ್ಕ ಕಾಯುತ್ತಿದ್ದರು. ಒಬ್ಬ ಹುಡುಗ ಸುಮ್ಮನಿದ್ದ. ಆ ಸುಮ್ಮನಿದ್ದದ್ದೂ ರೆಕಾರ್ಡಿನಲ್ಲಿ ಕೂತಿತ್ತು, ಐದಾರು ಸುತ್ತು. ಮಾಮ ಬಾಯಿ ತೆರೆದ. ಇವತ್ತೂ ಮಾತು ಹೊರಡಲಿಲ್ಲ. ರೆಕಾರ್ಡು ತೀರಿತು.

ಕುರ್ಚಿಯಲ್ಲಿ ಮೇಡಂ ಕರ್ಚೀಫಿನಲ್ಲಿ ಮುಖವನ್ನೆಲ್ಲ ಮುಚ್ಚಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಮಾಮ ಹನ್ನೊಂದು ವರ್ಷದಿಂದ ಕಾದಿದ್ದ ಗೆಲುವು ಇದು. ಈಗೇನಂತೀರಿ ಎಂದು ಕೇಳಬಹುದಿತ್ತು. ಅದರ ಬದಲು ಕುರ್ಚಿಯ ಹತ್ತಿರ ಹೋದ.

"ಮೇಡಂ..."

ಮೇಡಂ ಕರ್ಚೀಫು ಇಳಿಸಿದರು. ಹಲ್ಲಿಲ್ಲದ ಬಾಯಿ, ಒಳಕ್ಕೆ ಹೋದ ಕೆನ್ನೆ. ಯಾರು ನೋಡಿದರೂ ನೋಡಲಿ ಎಂಬಂತೆ ಮಾತಾಡಿದರು. "ಏಳು ವರ್ಷಕ್ಕೇ ನನ್ನ ಹಾಸ್ಟೆಲ್ಲಿಗೆ ಹಾಕಿದ್ರು. ಅಲ್ಲಿನ ರೇಡಿಯೊದಲ್ಲಿ ಅಕ್ಕ ಬರೋರು. ನನಗಿಂತ ನಾಲ್ಕೈದು ವರ್ಷ ದೊಡ್ಡೋಳು ಅಂದ್ಕೊಂಡಿದ್ದೆ. ಯಾವತ್ತೋ ಒಂದಿನ ಬಂದು ಕರ್ಕೊಂಡು ಹೋಗ್ತಾಳೆ ಅಂತ..." ರೆಕಾರ್ಡಿನ ಕಡೆ ನೋಡಿದರು. "ಹಂಗಾದ್ರೆ ನಾನು ಕೇಳಿದ್ದು ಯಾರನ್ನ?"

ಅವರಿಗೂ ಒಬ್ಬ ಅಕ್ಕ ಇದ್ದಳು, ಅವಳನ್ನು ತಾನು ಒಂದು ರೀಡು ಊದಿ ಕಳೆದುಹಾಕಿದೆ ಎಂದು ಮಾಮನಿಗೆ ಆಗ ಹೊಳೆಯಿತು. ಅವನು ಡಾಕ್ಟರನ್ನು ಪಕ್ಕಕ್ಕೆ ಸರಿಸಿ, ತಾನೇ ಬಗ್ಗಿ ತಿರುಪನ್ನು ಮೊದಲಿದ್ದ ಗುರುತಿಗೆ ತಂದ. ಮುಳ್ಳಿಟ್ಟ.

ಸಣ್ಣ ದನಿ ಓಡೋಡಿ ಹಾಡಿತು. ಮೇಡಂ ಕಣ್ಣು ಮುಚ್ಚಿ, ಕುರ್ಚಿಯ ಕೈಗಳನ್ನು ಹಿಡಿದುಕೊಂಡು, ಪೂರ್ತಿ ಕೇಳಿದರು. ಮಾಮ ಕೂಡ ಕೇಳಿದ. ಜಗಳ ಬಿಟ್ಟು ಕೇಳಿದರೆ ಆ ಹುಡುಗಿಯೂ ಚೆನ್ನಾಗಿಯೇ ಹಾಡುತ್ತಿದ್ದಳು.

ಮುಗಿದ ಮೇಲೆ ಮೇಡಂ ಮುಖ ಒರೆಸಿಕೊಂಡರು. "ನಂದು ಆಯ್ತು. ಈಗ ನಿಮ್ಮದು ಹಾಕಿ."

"ಬೇಡ ಬಿಡಿ ಮೇಡಂ, ಹೊರಗೆ ಜನ ಕಾಯ್ತಿದಾರೆ."

"ಹಾಕ್ರೀ," ಎಂದರು. ಹಲ್ಲಿಲ್ಲದಿದ್ದರೂ ಆ ದನಿಗೆ ಇಡೀ ಶಾಲೆ ಎದ್ದು ನಿಲ್ಲುತ್ತಿತ್ತು. "ಕೊನೇಲಿ ಅವ್ರು ಕೇಳ್ತಾರಲ್ಲ. ಕೇಳಿದ್ದಕ್ಕೆ ಉತ್ತರ ಹೇಳ್ಬೇಕು."

ಮಾಮ ರೀಡು ಊದಿದ, ತಿರುಪು ಇಳಿಸಿದ, ಅಲೆ ನಿಲ್ಲುವ ತನಕ ಕಾದ. ಅಕ್ಕ ಮತ್ತೆ ಹಾಡಿದರು, ಉಸಿರೆಳೆದುಕೊಂಡರು, ಮುಗಿಸಿದರು. ಡಾಕ್ಟರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಚರಪರ ಸದ್ದು ಶುರುವಾಯಿತು.

"ಹೇಗಿತ್ತೋ? ನನ್ನ ದನಿ ಹಾಗೇ ಬಂತಾ?"

"ಬಂತಕ್ಕ," ಎಂದ ಮಾಮ, ಇಪ್ಪತ್ತು ವರ್ಷದ ಹುಡುಗನ ಹಾಗೆ ನೆಟ್ಟಗೆ ನಿಂತು. "ಹಾಗೇ ಬಂತು. ಸ್ವಲ್ಪ ತಡವಾಯ್ತು, ಅಷ್ಟೇ."